ಅತ್ತಿಗೆಯ ಒಲೆ

ಶ್ರವಣಬೆಳಗೊಳ
೧೨ ಫೆಬ್ರವರಿ ೨೦೨೪

ಅತ್ತಿಗೆ,

ಇದನ್ನು ಮನೆಗೆ ಕಳಿಸದೆ ನಿಮ್ಮ ಪೋಸ್ಟಾಫೀಸಿನ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಮನೆಗೆ ಬಂದರೆ ಅವ್ವ ದಾರಿಯಲ್ಲಿ ಹೋಗುವವರನ್ನು ಕರೆದಾದರೂ ಓದಿಸುತ್ತಾಳೆ. ಫೋನ್ ಮಾಡಿದರೆ ಸ್ಪೀಕರ್ ಹಾಕುತ್ತಾಳೆ. ಪಕ್ಕದಲ್ಲಿ ಅಪ್ಪ ಕೆಮ್ಮುತ್ತಾ ಕೂತಿರುತ್ತಾನೆ. ಊಟ ಆಯಿತು, ಚೆನ್ನಾಗಿದ್ದೀನಿ ಅಂತ ಹೇಳಿ ನಾನು ಇಟ್ಟುಬಿಡಬೇಕು. ನಿಮ್ಮ ಆಫೀಸಿಗೆ ಬ್ಯಾಂಕಿನ ಕಾಗದ, ಕೋರ್ಟಿನ ನೋಟೀಸು ಬಿಟ್ಟರೆ ಕೈಯಲ್ಲಿ ಬರೆದ ಪತ್ರವೇ ಬರುವುದಿಲ್ಲ ಅಂತ ನೀವೇ ಒಮ್ಮೆ ಹೇಳಿದ್ದಿರಿ. ತಗೊಳ್ಳಿ, ಒಂದು ಬಂತು.

ಅಣ್ಣ ಭಾನುವಾರ ಬೈಕಿನಲ್ಲಿ ಬಂದಿದ್ದ. ನಿಮಗೆ ಮೂರು ತಿಂಗಳು ಅಂದ. ಹೇಳುವಾಗ ನಾಚಿಕೆಯಿಂದ ಹೆಲ್ಮೆಟ್ ತೆಗೆಯಲೇ ಇಲ್ಲ. ನನಗೆ ಸಂತೋಷವಾಯಿತು.

ಸಂಕ್ರಾಂತಿಯ ದಿನ ಆಡಿದ ಮಾತನ್ನು ವಾಪಸು ತಗೊಳ್ಳಲು ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ನಿಮಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಬರೆದರೆ ಮಾತ್ರ ನನಗೆ ಅದು ಸರಿಯಾಗಿ ಕಾಣುತ್ತದೆ. ನೀವು ಮದುವೆಯಾಗಿ ಬಂದ ವಾರವೇ ಅವ್ವ ಪಕ್ಕದ ಕೋಣೆಯಲ್ಲಿ ನಿಮಗೆ ಅಂತಲೇ ಒಂದು ಗ್ಯಾಸ್ ಒಲೆ ಇಡಿಸಿದಳು. ಹೊಸ ಪಾತ್ರೆ, ಹೊಸ ತಟ್ಟೆ, ಹೊಸ ಲೋಟ ಜೋಡಿಸಿದಳು. ನೀವು ಅರಕಲಗೂಡಿನ ಲಿಂಗಾಯತರ ಮನೆಯ ಮಗಳು, ನಾವು ಮಾಂಸ ತಿನ್ನುವ ಜನ, ಅದೂ ಎಂಥ ಜನ ಅಂತ ಊರಿಗೆಲ್ಲ ಗೊತ್ತು. ಅಂದಿನಿಂದ ನೀವು ಆ ಕೋಣೆಯಲ್ಲಿ ಬೇಯಿಸಿಕೊಂಡು ಒಬ್ಬರೇ ಉಣ್ಣುತ್ತೀರಿ. ನಿಮಗೆ ಬೇಸರವಾಗಬಾರದು ಅಂತ ಅಣ್ಣ ಅಲ್ಲೊಂದು ಸಲ, ಅವ್ವನಿಗೆ ಬೇಸರವಾಗಬಾರದು ಅಂತ ಇಲ್ಲೊಂದು ಸಲ ಉಂಡು ದಪ್ಪ ಆಗಿದ್ದಾನೆ.

ಸಂಕ್ರಾಂತಿಯ ದಿನ ಹಬ್ಬಕ್ಕೆ ಬಂದಿದ್ದ ತಮ್ಮಯ್ಯ ಮಾವ ನೀರು ಕೇಳಿದ. ಕೈಗೆ ಸಿಕ್ಕಿದ ಲೋಟದಲ್ಲಿ ಕೊಟ್ಟೆ. ಅದು ನಿಮ್ಮ ಲೋಟ. ಅವ್ವ ಹಾರಿಬಂದು ಕಿತ್ತುಕೊಂಡಳು. "ಅದು ಅವ್ಳದು ಕಣಮ್ಮೀ. ಲಿಂಗ ಕಟ್ಟಿರೋಳು, ನಾವ್ ಬಾಯಿಗಿಟ್ಟಿದ್ದ ಲೋಟ್ದಲ್ಲಿ ಅವ್ಳು ಕುಡಿಯಕ್ಕಾಯ್ತದಾ?" ಅಂದಳು. ನಾನು ಎಲ್ಲರ ಎದುರಿಗೇ ಹೇಳಿದೆ. "ಓಟ್ಲಲ್ಲಿ ನಮ್ಗೆ ಬೇರೆ ಲೋಟ ಮಡುಗ್ತಿದ್ರು ಅಂತ ತಾತ ಸಾಯೋಗಂಟ ಬೈತಿದ್ದ. ಈಗ ನಮ್ಮನೇಲಿ ನಾವೇ ಮಡುಗ್ಕಂಡಿದ್ದೀವಲ್ಲವ್ವ."

ಅವ್ವ ಕೆನ್ನೆಗೆ ಬಾರಿಸಿದಳು. ಅದಕ್ಕೆ ನನಗೆ ಸಿಟ್ಟಿಲ್ಲ. ನೀವು ತಲೆ ತಗ್ಗಿಸಿಕೊಂಡು ಒಳಗೆ ಹೋದಿರಲ್ಲ, ಅದಕ್ಕೆ ಸಿಟ್ಟು. ಆ ಒಲೆ ಇರುವ ತನಕ ನಾನು ಮನೆಗೆ ಬರುವುದಿಲ್ಲ. ಅವ್ವನಿಗೆ ಹೇಳಿಯೇ ಹೊರಟೆ, ನಿಮಗೆ ಹೇಳಿರಲಿಲ್ಲ. ಈಗ ಹೇಳಿದ್ದೇನೆ.

ಒಂದು ಕೇಳುತ್ತೇನೆ, ನಿಜ ಬರೆಯಿರಿ. ಆ ಒಲೆ ನಿಮಗೆ ಬೇಕಾ?

ಇಲ್ಲಿ ಯಾತ್ರೆಗೆ ಬರುವವರಿಗೆ ಊಟ ಹಾಕುವ ಒಂದು ಮೆಸ್ಸಿನಲ್ಲಿ ಕೆಲಸಕ್ಕಿದ್ದೇನೆ. ವಿಳಾಸ ಹಿಂದೆ ಇದೆ.

ನಿಮ್ಮ ನಾದಿನಿ
ಶಾಂತಿ


ಹೊಳೆನರಸೀಪುರ
೬ ಮಾರ್ಚ್ ೨೦೨೪

ಪ್ರೀತಿಯ ಶಾಂತಿ,

ನಿನ್ನ ಪತ್ರಕ್ಕೆ ನಾನೇ ಮುದ್ರೆ ಹೊಡೆದು, ನಾನೇ ತೆಗೆದುಕೊಂಡೆ. ಎರಡು ವಾರ ಡ್ರಾಯರಿನಲ್ಲಿತ್ತು. ಉತ್ತರ ಗೊತ್ತಿತ್ತು, ಬರೆಯಲು ಆಗಲಿಲ್ಲ.

ನಿಜ ಕೇಳಿದ್ದೀಯ. ಮದುವೆಯಾಗಿ ಬಂದ ಎರಡನೇ ದಿನ ಹಿತ್ತಲಲ್ಲಿ ಕೋಳಿ ಸುಡುತ್ತಿದ್ದಿರಿ. ನನಗಾಗಿಯೇ ಮಾಡಿದ ಸಡಗರ ಅದು, ನೆಂಟರೆಲ್ಲ ಬಂದಿದ್ದರು. ನಾನು ಬಚ್ಚಲಿಗೆ ಹೋಗಿ ವಾಂತಿ ಮಾಡಿದೆ. ಅತ್ತೆ ನೋಡಿದರು. ಆ ವಾರವೇ ಒಲೆ ಬಂತು. ಅದನ್ನು ಕಂಡಾಗ ನನಗೆ ನೆಮ್ಮದಿಯಾಯಿತು, ಶಾಂತಿ. ಇವರ ಮನೆಗೆ ಬಂದೂ ಇವರ ಪಾತ್ರೆಯಲ್ಲಿ ಉಣ್ಣಬೇಕಾಗಿಲ್ಲ ಎನ್ನುವ ನೆಮ್ಮದಿ. ನೀನು ಬಯ್ಯುವುದಾದರೆ ಅತ್ತೆಯನ್ನು ಬಿಟ್ಟು ನನ್ನನ್ನು ಬಯ್ಯಬೇಕು.

ಆಮೇಲೆ ಅದು ಸಾಕಾಯಿತು. ಗೋಡೆಯ ಆಚೆ ನೀವೆಲ್ಲ ಉಣ್ಣುತ್ತಾ ನಗುವುದು ಕೇಳಿಸುತ್ತದೆ. ಒಂದು ದಿನ ತಟ್ಟೆ ಹಿಡಿದುಕೊಂಡು ದೊಡ್ಡ ಅಡುಗೆಮನೆಗೆ ಬಂದೆ. ಅತ್ತೆ ತಟಕ್ಕನೆ ಎದ್ದು, ಪಾತ್ರೆ ಸರಿಸಿ, ಸೀರೆ ಸೋಕದ ಹಾಗೆ ಗೋಡೆಗೆ ಒತ್ತಿ ನಿಂತರು. ಹಾಗೆ ನಿಲ್ಲುವುದನ್ನು ಅವರು ಎಲ್ಲಿ ಕಲಿತರು ಎಂದು ನನಗೆ ಗೊತ್ತು. ನಮ್ಮಂಥವರ ಮನೆಯ ಅಂಗಳದಲ್ಲಿ. ನಾನು ಉಪ್ಪು ಬೇಕಿತ್ತು ಎಂದು ಸುಳ್ಳು ಹೇಳಿ ಹಿಂದಕ್ಕೆ ಹೋದೆ.

ಮಾವ ಬೆಳಿಗ್ಗೆ ಬುದ್ಧನ ಪಟದ ಮುಂದೆ ಪಂಚಶೀಲ ಹೇಳುತ್ತಾರೆ. ಅತ್ತೆ ಅವರಿಗೆ ಕಾಣದ ಹಾಗೆ ಮಾರಮ್ಮನಿಗೆ ಹೂ ಇಡುತ್ತಾರೆ. ನಾನು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂರುತ್ತೇನೆ. ದೇವರ ವಿಷಯದಲ್ಲಿ ಈ ಮನೆಯಲ್ಲಿ ಒಂದು ದಿನವೂ ಜಗಳವಾಗಿಲ್ಲ. ಆದದ್ದೆಲ್ಲ ಪಾತ್ರೆಯಲ್ಲಿ.

ಅವರು ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನುವುದು ಹೇಗೆ? ಬೇಡ ಎಂದರೆ, ಇಷ್ಟು ದಿನ ಯಾಕೆ ಬೇಕಾಗಿತ್ತು ಎಂದೂ ಹೇಳಬೇಕಾಗುತ್ತದೆ.

ಬಾಣಂತನದ ಮಾತು ಮನೆಯಲ್ಲಿ ಶುರುವಾಗಿದೆ. ಚೊಚ್ಚಲು ತವರಿನಲ್ಲಿ ಎನ್ನುತ್ತಾರೆ ಅತ್ತೆ. ಯಾವ ತವರು? ಅಪ್ಪಾಜಿ ನನ್ನ ಹೆಸರು ಎತ್ತುವುದಿಲ್ಲವಂತೆ. ಅಮ್ಮ ಫೋನ್ ಎತ್ತುತ್ತಾಳೆ. ಮಾತಾಡುವುದಿಲ್ಲ, ಇಡುವುದೂ ಇಲ್ಲ. ಅವಳ ಹಿಂದೆ ನಮ್ಮ ಗೊಬ್ಬರದ ಅಂಗಡಿಯಲ್ಲಿ ರೈತರು ಮಾತಾಡುವುದು ಕೇಳಿಸುತ್ತದೆ. ನಾನು ಅದನ್ನೇ ಸ್ವಲ್ಪ ಹೊತ್ತು ಕೇಳಿ ಇಡುತ್ತೇನೆ.

ಇನ್ನೊಂದು, ನಗಬೇಡ. ಬಯಕೆ ಶುರುವಾಗಿದೆ. ಅತ್ತೆ ಹುರುಳಿಕಾಳಿನ ಬಸ್ಸಾರಿಗೆ ಒಗ್ಗರಣೆ ಹಾಕಿದರೆ ನನಗೆ ಈ ಕಡೆ ಬಾಯಲ್ಲಿ ನೀರು. ಅದರಲ್ಲಿ ಮಾಂಸವಿಲ್ಲ. ಪಾತ್ರೆ ಮಾತ್ರ ಅದೇ.

ನಿನ್ನ
ರಂಜನಿ


ಶ್ರವಣಬೆಳಗೊಳ
೧೪ ಏಪ್ರಿಲ್ ೨೦೨೪

ಅತ್ತಿಗೆ,

ನಿಮ್ಮ ಪತ್ರ ಓದಿ ಒಂದು ದಿನ ಪೂರ್ತಿ ಸಿಟ್ಟು ಬಂದಿತ್ತು. ಮಾರನೆಯ ದಿನ ಹೋಯಿತು. ಸುಳ್ಳು ಬರೆದಿದ್ದರೆ ಹೋಗುತ್ತಿರಲಿಲ್ಲ.

ಇಲ್ಲಿಯ ಅಡುಗೆಮನೆಯ ವಿಷಯ ಕೇಳಿ. ಮೆಸ್ಸಿನವರು ಅನಸೂಯಮ್ಮ ಅಂತ, ಜೈನರು. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಆಲೂಗಡ್ಡೆ ಇಲ್ಲ. ನೆಲದೊಳಗೆ ಬೆಳೆಯುವುದು ಯಾವುದೂ ಇಲ್ಲ. ಹೊತ್ತು ಮುಳುಗುವುದರೊಳಗೆ ಎಲ್ಲರದೂ ಊಟ ಮುಗಿಯಬೇಕು. ನನಗೆ ಹಸಿವು ಶುರುವಾಗುವುದೇ ಎಂಟು ಗಂಟೆಗೆ. ಮೊದಲ ವಾರ ಕತ್ತಲಲ್ಲಿ ಹೊಟ್ಟೆ ಹಿಡಿದುಕೊಂಡು, ಕಾಲೇಜು ಬಿಟ್ಟದ್ದು ತಪ್ಪಾಯಿತೇನೋ ಅಂತಲೂ ಯೋಚಿಸಿದೆ. ತಪ್ಪಾಗಿಲ್ಲ. ಬಡತನಕ್ಕೂ ಬಿಡಲಿಲ್ಲ, ಮೇಷ್ಟರಿಗೆ ಹೆದರಿಯೂ ಬಿಡಲಿಲ್ಲ. ಒಂದು ಕಡೆ ಕೂರಲು ನನಗೆ ಆಗುವುದಿಲ್ಲ, ಅಷ್ಟೇ.

ನಾನು ಯಾರ ಪೈಕಿ ಅಂತ ಬಂದ ದಿನವೇ ಅನಸೂಯಮ್ಮನಿಗೆ ಹೇಳಿಬಿಟ್ಟೆ. ಆಮೇಲೆ ಗೊತ್ತಾಗಿ ಮುಖ ಬದಲಾಗುವುದನ್ನು ನೋಡುವುದಕ್ಕಿಂತ ಮೊದಲೇ ನೋಡಿಬಿಡೋಣ ಅಂತ. ಅವರು, "ಹೊರಗಡೆ ಏನ್ ತಿಂತೀಯೋ ನಾನ್ ಕೇಳಲ್ಲ. ಅದನ್ನ ತಿಂದು ಒಳಗೆ ಬರ್ಬೇಡ" ಅಂದರು. ಈಗ ಅವರು ಉಣ್ಣುವ ಪಾತ್ರೆಯಿಂದಲೇ ನನಗೂ ಬಡಿಸುತ್ತಾರೆ. ಎಲ್ಲ ಚೆನ್ನಾಗಿದೆ ಅಂತ ಬರೆಯುವುದಿಲ್ಲ. ದೇವರ ಕೋಣೆಯ ನೀರಿನ ಕೊಡವನ್ನು ಮುಟ್ಟಲು ನನ್ನನ್ನು ಕರೆದಿಲ್ಲ. ಯಾಕೆ ಅಂತ ಕೇಳಿದೆ. ನನ್ನ ಸೊಸೆಯೂ ಮುಟ್ಟುವುದಿಲ್ಲ, ನಾನೊಬ್ಬಳೇ ಅಂದರು. ನಿಜವೋ ಸುಳ್ಳೋ ಅಂತ ನೋಡುತ್ತಲೇ ಇದ್ದೇನೆ. ಇವತ್ತಿನ ತನಕ ಸೊಸೆ ಮುಟ್ಟಿಲ್ಲ.

ಇದನ್ನು ಯಾಕೆ ಬರೆದೆ ಅಂದರೆ, ಇವರ ಮನೆಯಲ್ಲಿ ನನಗೆ ಹಸಿವಾಗಿದೆ, ಅವಮಾನ ಆಗಿಲ್ಲ. ನಮ್ಮ ಮನೆಯಲ್ಲಿ ಹೊಟ್ಟೆ ತುಂಬಿರುತ್ತದೆ, ಆದರೂ ನಿಮ್ಮ ಲೋಟ ಕಂಡರೆ ಒಂಥರಾ ಆಗುತ್ತದೆ.

ಬಸ್ಸಾರು ಕೇಳಿ. ಬಸುರಿ ಕೇಳಿದರೆ ಅವ್ವ ಇಲ್ಲ ಅನ್ನುವುದಿಲ್ಲ.

ಶಾಂತಿ


ಹೊಳೆನರಸೀಪುರ
೨೪ ಮೇ ೨೦೨೪

ಪ್ರೀತಿಯ ಶಾಂತಿ,

ಕೇಳಿದೆ. ಅತ್ತೆಯ ಮುಖ ಹೇಗಾಯಿತು ಎಂದರೆ, ಮೊದಲು ಸಂತೋಷ, ಹಿಂದೆಯೇ ಗಾಬರಿ. ಆಯಿತು ಎಂದು ಸೆರಗು ಸುತ್ತಿಕೊಂಡು ಪೇಟೆಗೆ ಹೊರಟರು. ಹೊಸ ಪಾತ್ರೆಯೊಂದನ್ನು ಕೊಂಡು ತಂದು, ತೊಳೆದು, ಬಸ್ಸಾರು ಮಾಡಿ, ನನ್ನ ಕೋಣೆಯ ಬಾಗಿಲಲ್ಲಿ ಇಟ್ಟು ಹೋದರು.

ಎರಡು ಮುದ್ದೆ ಉಂಡೆ. ಅಷ್ಟು ರುಚಿಯಾದ ಸಾರನ್ನು ಅಳುತ್ತಾ ಉಂಡದ್ದು ಅದೇ ಮೊದಲು. ಈಗ ನನ್ನ ಕೋಣೆಯಲ್ಲಿ ಇನ್ನೂ ಒಂದು ಪಾತ್ರೆ ಜಾಸ್ತಿಯಾಗಿದೆ.

ನಿನಗೆ ಗೊತ್ತಾಗಬೇಕಾದ ಇನ್ನೊಂದು ವಿಷಯ. ಅತ್ತೆ ಯಾರಿಗೂ ಹೇಳದೆ ಅರಕಲಗೂಡಿಗೆ ಹೋಗಿಬಂದಿದ್ದಾರೆ. ಆ ದಿನ ಡಾಕ್ಟರ ಹತ್ತಿರ ಹೋಗುತ್ತೇನೆ ಎಂದಿದ್ದರು. ಹೋದದ್ದು ನಮ್ಮ ಅಂಗಡಿಗೆ ಎಂದು ಆಮೇಲೆ ಅವರೇ ನನಗೆ ಹೇಳಿದರು. ಮೆಟ್ಟಿಲ ಕೆಳಗೇ ನಿಂತಿದ್ದರಂತೆ. ಅಪ್ಪಾಜಿ ಯಾರಿಗೋ ಹೊಗೆಸೊಪ್ಪಿನ ಬೆಳೆಗೆ ಗೊಬ್ಬರ ತೂಗಿಸುತ್ತಿದ್ದವರು ತಲೆಯೆತ್ತಿ ನೋಡಿದರು. ಇವರು ಯಾರು ಎಂದು ತಿಳಿಯಿತು. ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅಮ್ಮ ಆಚೆ ಬಂದಳು. ಅಪ್ಪಾಜಿಯೇ ಕಳಿಸಿದರೋ, ಅವಳಾಗಿ ಬಂದಳೋ ಗೊತ್ತಿಲ್ಲ.

"ನಾ ಒಳೀಕ್ ಬರಲ್ಲ ಕಣವ್ವ," ಎಂದರಂತೆ ಅತ್ತೆ. "ನಿನ್ ಮಗಳ್ಗೆ ಏಳ್ತಿಂಗ್ಳು ಬತ್ತಾ ಅದೆ. ಮಡ್ಲು ತುಂಬೋಕೆ ತಾಯಿ ಇಲ್ವಾ ಅಂತ ನಾಳಿಕ್ ಆ ಮಗಾ ಕೇಳ್ಬಾರ್ದು, ನೋಡು."

ಅಮ್ಮ ಬರುತ್ತೇನೆ ಎಂದಿದ್ದಾಳೆ. ಆಮೇಲೆ ನನ್ನನ್ನು ಅರಕಲಗೂಡಿಗೆ ಕರೆದುಕೊಂಡು ಹೋಗುವ ಯೋಚನೆ ಇರಬೇಕು. ಹೋಗಬೇಕು ಅನಿಸುತ್ತದೆ. ಹೋದರೆ ಮತ್ತೆ ಇಲ್ಲಿ ನೆಂಟಳಾಗಿಯೇ ಉಳಿಯುತ್ತೇನೆ ಎಂದೂ ಅನಿಸುತ್ತದೆ. ಒಲೆ ಅಲ್ಲೇ ಇರುತ್ತದೆ. ನೀನು ಬರುವುದಿಲ್ಲ.

ನಿನ್ನ
ರಂಜನಿ


ಚನ್ನರಾಯಪಟ್ಟಣ
೩ ಜೂನ್ ೨೦೨೪

ಅತ್ತಿಗೆ,

ಬೆಳಗೊಳ ಬಿಟ್ಟೆ. ಜಗಳ ಇಲ್ಲ, ಸಾಕಾಯಿತು. ಇಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿದ್ದೇನೆ. ಇಡೀ ದಿನ ಸೀರೆ ಬಿಚ್ಚುವುದು, ಮಡಿಸುವುದು. ರಾತ್ರಿ ಎಂಟಕ್ಕೆ ಊಟ, ಈರುಳ್ಳಿ ಹಾಕಿದ್ದು.

ಅವ್ವ ಅರಕಲಗೂಡಿಗೆ ಹೋಗಿದ್ದು ಓದಿ ಅಂಗಡಿಯ ಹಿಂದೆ ಹೋಗಿ ಅತ್ತುಬಿಟ್ಟೆ. ನನ್ನ ವಿಷಯಕ್ಕೆ ಅವಳು ಯಾರ ಮೆಟ್ಟಿಲ ಹತ್ತಿರವೂ ನಿಂತವಳಲ್ಲ. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ ಅನ್ನಿ.

ನಿಮ್ಮ ಅಮ್ಮ ಬಂದಾಗ ತಲೆ ತಗ್ಗಿಸಿಕೊಂಡು ಒಳಗೆ ಹೋಗಬೇಡಿ.

ಶಾಂತಿ


ಹೊಳೆನರಸೀಪುರ
೧೯ ಜೂನ್ ೨೦೨೪

ಪ್ರೀತಿಯ ಶಾಂತಿ,

ಅಮ್ಮ ಬಂದು ಹೋದಳು. ಮರೆಯುವ ಮೊದಲು ನಡೆದ ಹಾಗೇ ಬರೆಯುತ್ತೇನೆ.

ಒಬ್ಬಳೇ ಬಸ್ಸಿನಲ್ಲಿ ಬಂದಳು. ಸೀರೆ, ಅಕ್ಕಿ, ಕೊಬ್ಬರಿ, ಬೆಲ್ಲ ಎಲ್ಲ ಒಂದೇ ಚೀಲದಲ್ಲಿ. ನಡುಮನೆಯಲ್ಲಿ ಕುರ್ಚಿಯ ತುದಿಯಲ್ಲಿ ಕೂತಳು. ಮಾವ ಅಂಗಿ ಹಾಕಿಕೊಂಡು ಬಂದು ಕೈಮುಗಿದರು. ಅಮ್ಮ ಬಂದ ತಕ್ಷಣವೇ ಹೇಳಬೇಕಾದ್ದನ್ನು ಹೇಳಿದಳು, ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದ ಹಾಗೆ. ಬಾಣಂತನ ಅರಕಲಗೂಡಿನಲ್ಲಿ ಆಗಲಿ. ಮಗುವಿಗೆ ಲಿಂಗ ಕಟ್ಟಿಸಬೇಕು. ಈ ಕಡೆಯವರು ಹೆಸರಿಡುವ ದಿನ ಬಂದು ನೋಡಿಕೊಂಡು ಹೋದರೆ ಸಾಕು. ಅತ್ತೆ ಎಲ್ಲದಕ್ಕೂ ಆಗಲಿ ಆಗಲಿ ಎಂದು ತಲೆಯಾಡಿಸಿದರು. ಮಾವ ಬುದ್ಧನ ಪಟದ ಕಡೆ ನೋಡಿಕೊಂಡು ಕೂತರು.

ಕೈಕಾಲು ತೊಳೆಯಲು ಎದ್ದ ಅಮ್ಮ ನನ್ನ ಕೋಣೆಯ ಮುಂದೆ ಹಾದುಹೋಗುವಾಗ ನಿಂತಳು. ಒಳಗೆ ಹೋದಳು. ಒಲೆ, ಸಿಲಿಂಡರು, ಒಂದು ತಟ್ಟೆ, ಒಂದು ಲೋಟ. ಆಚೆ ಬಂದಾಗ ಅವಳ ಮುಖ ಕೆಂಪಾಗಿತ್ತು.

"ಪಾರ್ವತಮ್ಮೋರೇ, ನನ್ನ ಮಗಳ್ನ ಬೇರೆ ಹಾಕಿದ್ದೀರಾ?"

ಅತ್ತೆಗೆ ಅರ್ಥವೇ ಆಗಲಿಲ್ಲ. ನನಗೆ ಆಯಿತು. ನಮ್ಮ ಕಡೆ ಒಂದೇ ಮನೆಯಲ್ಲಿ ಇನ್ನೊಂದು ಒಲೆ ಹೂಡುವುದು ಪಾಲಾದಾಗ ಮಾತ್ರ, ಇಲ್ಲವೇ ಸೊಸೆ ಬೇಡವಾದಾಗ. ಅಮ್ಮ ಹೊಸದಾಗಿ ಬಂದಾಗ ನಮ್ಮ ಅಜ್ಜಿ ಯಾವುದೋ ಸಿಟ್ಟಿಗೆ ಅವಳಿಗೆ ಕೊಟ್ಟಿಗೆಯ ಪಕ್ಕ ಒಲೆ ಹಾಕಿಸಿದ್ದರಂತೆ. ನಾನು ಹುಟ್ಟುವ ತನಕ ಅಲ್ಲೇ ಒಬ್ಬಳೇ ಬೇಯಿಸಿಕೊಂಡು ತಿಂದಳಂತೆ. ಇದನ್ನು ಅವಳು ನಮಗೆ ಯಾರಿಗೂ ಹೇಳಿರಲಿಲ್ಲ. ಅವತ್ತು ನಿಮ್ಮ ನಡುಮನೆಯಲ್ಲಿ, ಹಿಂದೆಂದೂ ಕಾಲಿಡದ ಮನೆಯಲ್ಲಿ ನಿಂತು ಹೇಳಿದಳು.

"ನಾವಂತೂ ಅವಳನ್ನ ಬಿಟ್ವಿ," ಎಂದಳು. "ನೀವಾದ್ರೂ ಸೇರಿಸ್ಕೊಂಡಿರ್ತೀರಿ ಅಂತ ನೆಮ್ಮದಿಯಾಗಿದ್ದೆ."

"ಅಯ್ಯೋ ನಮ್ಮವ್ವ, ಮರ್ವಾದೆ ಕೊಟ್ಟಿದ್ದು ಕಣವ್ವ ಅದು," ಎಂದರು ಅತ್ತೆ. "ನಿಮ್ ಜನ ನಮ್ ಪಾತ್ರೇಲಿ ಉಣ್ತಾರಾ? ಬೇರೆ ಆಕಿದ್ದಲ್ಲ."

ಇಬ್ಬರೂ ನನ್ನ ಕಡೆ ನೋಡಿದರು. ನೀನು ಬರೆದದ್ದು ನೆನಪಾಯಿತು. ಅಮ್ಮ, ಆ ಒಲೆ ಬಂದಾಗ ನನಗೆ ಬೇಕಾಗಿತ್ತು, ಈಗ ಬೇಡ ಎಂದೆ. ವಾಂತಿ ಮಾಡಿದ್ದು, ಒಲೆ ಕಂಡು ನೆಮ್ಮದಿಯಾದದ್ದು, ತಟ್ಟೆ ಹಿಡಿದು ಬಂದು ಉಪ್ಪು ಕೇಳಿ ಹೋದದ್ದು, ಎಲ್ಲ ಹೇಳಿದೆ. ನಿನಗೆ ಬರೆಯುವುದೇ ಕಷ್ಟವಾಗಿತ್ತು. ಅತ್ತೆಯ ಮುಖ ನೋಡಿಕೊಂಡು ಹೇಳುವುದು ಇನ್ನೂ ಕಷ್ಟವಾಯಿತು.

ಅತ್ತೆ ನೆಲದ ಮೇಲೆ ಕೂತುಬಿಟ್ಟರು. "ಒಂದ್ ಮಾತ್ ಏಳ್ಬಾರ್ದಾಗಿತ್ತಾ ಮಗಾ?" ಎಂದರು, ಅಷ್ಟೇ.

ಕೊನೆಗೆ ಅಮ್ಮ, ನಿನಗೆಲ್ಲಿ ಬೇಕು ಹೇಳು ಎಂದಳು. ಇಲ್ಲೇ ಆಗಲಿ, ನೀನೇ ಬಂದು ಮಾಡು ಎಂದೆ. ಹೆತ್ತವಳು ಬೀಗರ ಮನೆಯಲ್ಲಿ ಕೂತು ಬಾಣಂತನ ಮಾಡುವುದು ನಮ್ಮಲ್ಲಿಲ್ಲ. ನಿಮ್ಮಲ್ಲೂ ಇಲ್ಲ. ಅಮ್ಮ ಹ್ಞೂಂ ಅನ್ನಲಿಲ್ಲ, ಉಹುಂ ಅನ್ನಲಿಲ್ಲ. ಮಡಿಲು ತುಂಬಿದಳು, ಹಣೆಗೆ ವಿಭೂತಿ ಇಟ್ಟಳು, ಸಂಜೆಯ ಬಸ್ಸಿಗೆ ಹೋದಳು. ಊಟ ಮಾಡಲಿಲ್ಲ.

ನಿನ್ನ
ರಂಜನಿ


ಹೊಳೆನರಸೀಪುರ
೩೦ ಆಗಸ್ಟ್ ೨೦೨೪

ಪ್ರೀತಿಯ ಶಾಂತಿ,

ನಿನ್ನ ಅಣ್ಣ ಫೋನಿನಲ್ಲಿ ಹೇಳಿದ್ದಾರೆ, ಆದರೂ ನಾನು ಬರೆಯಬೇಕು. ಹೆಣ್ಣುಮಗು. ಮೂಗು ನಿನ್ನದು. ಅಳುವುದೂ ನಿನ್ನ ಹಾಗೆಯೇ, ಮಧ್ಯೆ ಬಿಡುವೇ ಇಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಮಧ್ಯಾಹ್ನ ಆಟೋ ನಿಂತ ಸದ್ದಾಯಿತು. ಅಮ್ಮ ಟ್ರಂಕು ಇಳಿಸುತ್ತಿದ್ದಳು. ಅಪ್ಪಾಜಿ ಬಂದಿಲ್ಲ. ದಿನಸಿ ಅಂಗಡಿಯಿಂದ ಬೆಳ್ಳುಳ್ಳಿ, ಮೆಂತ್ಯ, ಹಳೆಯ ಬೆಲ್ಲ ಕಟ್ಟಿಸಿ ಕಳಿಸಿದ್ದಾರೆ. ಯಾರಿಗೆಂದು ಹೇಳಲಿಲ್ಲವಂತೆ.

ಈಗ ದೊಡ್ಡ ಅಡುಗೆಮನೆಯಲ್ಲಿ ಇಬ್ಬರೂ ಇದ್ದಾರೆ. ಬಾಣಂತಿಗೆ ಮೆಣಸಿನ ಸಾರು ಎನ್ನುತ್ತಾಳೆ ಅಮ್ಮ. ಕಾಲು ಸೂಪು ಕುಡಿಸದಿದ್ದರೆ ಸೊಂಟ ನಿಲ್ಲುತ್ತದೆಯೇ ಎನ್ನುತ್ತಾರೆ ಅತ್ತೆ. ದಿನವೂ ಇದೇ ವಾದ. ನಾನು ಸೂಪು ಕುಡಿದಿಲ್ಲ, ಆದರೆ ಸಾರು ಅತ್ತೆಯ ಪಾತ್ರೆಯಲ್ಲಿಯೇ ಬೇಯುತ್ತದೆ. ಅಮ್ಮನೂ ಅದರಲ್ಲೇ ಉಣ್ಣುತ್ತಾಳೆ. ಮೊದಲ ದಿನ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದಳು. ಮತ್ತೆ ತಿಕ್ಕಿದಳು. ಅತ್ತೆ ನೋಡುತ್ತಾ ನಿಂತಿದ್ದರು. ಆಮೇಲೆ ಇನ್ನೂ ಒಂದು ಸಲ ತಿಕ್ಕು, ತಳ ತೂತಾದರೆ ಹೊಸದು ತರೋಣ ಎಂದರು. ಅಮ್ಮನಿಗೆ ನಗು ಬಂತು. ನಾನು ಕೋಣೆಯಿಂದ ಕೇಳಿಸಿಕೊಂಡೆ.

ನನ್ನ ಕೋಣೆಯ ಒಲೆ ಈಗ ಹಿತ್ತಲಿನ ಶೀಟಿನ ಕೆಳಗಿದೆ. ಮಾಂಸ ಅಲ್ಲಿ ಬೇಯುತ್ತದೆ, ಉಳಿದದ್ದೆಲ್ಲ ಒಳಗೆ. ಈಗ ಬೇರೆಯಾಗಿರುವುದು ಮಾಂಸದ ಪಾತ್ರೆ, ನಾನಲ್ಲ. ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತಾರೆ. ನನಗೆ ಕೋಣೆಗೇ ತಂದು ಕೊಡುತ್ತಾರೆ, ಬಾಣಂತಿಯಲ್ಲವೇ.

ಮಗುವಿಗೆ ಲಿಂಗ ಕಟ್ಟುವ ಮಾತನ್ನು ಇನ್ನೂ ಯಾರೂ ಎತ್ತಿಲ್ಲ. ಹೆಸರಿನ ಮಾತನ್ನೂ ಎತ್ತಿಲ್ಲ. ಸದ್ಯಕ್ಕೆ ಎಲ್ಲರೂ ಪುಟ್ಟಿ ಎನ್ನುತ್ತಾರೆ.

ಇನ್ನಾದರೂ ಬಾ.

ನಿನ್ನ
ರಂಜನಿ


ಚನ್ನರಾಯಪಟ್ಟಣ
೬ ಸೆಪ್ಟೆಂಬರ್ ೨೦೨೪

ಅತ್ತಿಗೆ,

ಪುಟ್ಟಿಯ ಮೂಗು ನನ್ನದಾದರೆ ಪಾಪ.

ನೀವು ಖುಷಿಯಿಂದ ಬರೆದಿದ್ದೀರಿ. ನಾನೂ ಖುಷಿಯಿಂದಲೇ ಓದಿದೆ, ಹಿತ್ತಲಿನ ವಿಷಯ ಬರುವ ತನಕ. ಅತ್ತಿಗೆ, ಆಚೆಗೆ ಹೋದದ್ದು ಯಾರ ಪಾತ್ರೆ? ನಾನು ಹುಟ್ಟುವ ಮೊದಲಿನಿಂದ ಅವ್ವ ತನ್ನ ಅಡುಗೆಮನೆಯಲ್ಲಿ ಕೂತು ಸಾರು ಕಾಸಿದವಳು. ಈಗ ಶೀಟಿನ ಕೆಳಗೆ ಬಗ್ಗಿಕೊಂಡು ಕಾಸುತ್ತಾಳೆ. ಹೋಗು ಅಂತ ಯಾರಾದರೂ ಹೇಳಿದರಾ, ಅಥವಾ ಅವಳು ಯಾವಾಗಲೂ ಮಾಡುವ ಹಾಗೆ ತಾನಾಗಿಯೇ ಗೋಡೆಗೆ ಸರಿದಳಾ? ಮೊದಲು ನೀವು ಒಬ್ಬರೇ ಆಗಿದ್ದಿರಿ. ಈಗ ನಾವು ತಿನ್ನುವುದು ಆಚೆಗೆ ಹೋಗಿದೆ.

ಬಾಣಂತಿಗೆ ಇದನ್ನು ಬರೆಯಬಾರದು ಅಂತ ಗೊತ್ತು. ಬರೆಯದೆ ಬಂದು ನಿಮ್ಮ ಮುಂದೆ ನಗುತ್ತಾ ನಿಲ್ಲುವುದು ನನ್ನ ಕೈಲಾಗುವುದಿಲ್ಲ.

ಶಾಂತಿ


ಹೊಳೆನರಸೀಪುರ
೧೨ ಸೆಪ್ಟೆಂಬರ್ ೨೦೨೪

ಶಾಂತೀ,

ನಿನ್ ಅತ್ತಿಗೆ ಕೈಲಿ ಬರೆಸ್ತಾ ಇವ್ನಿ. ನಾನ್ ಏಳ್ದಂಗೇ ಬರೀಬೇಕು, ಚಂದ ಮಾಡ್ಬಾರ್ದು ಅಂದಿವ್ನಿ. ನೀ ಬರ್ದಿದ್ದ ಅವ್ಳು ನಂಗೆ ಓದಿ ಏಳುದ್ಲು. ಬಚ್ಚಿಡ್ಬೋದಾಗಿತ್ತು, ಬಚ್ಚಿಡ್ನಿಲ್ಲ.

ಇತ್ಲಿಗೆ ಓಗು ಅಂತ ನಂಗ್ಯಾರೂ ಅನ್ನಿಲ್ಲ. ನಾನೇ ಓದೆ. ಬಾಣ್ತಿ ಮಲ್ಗಿರೋ ಮನೇಲಿ ವಾಸ್ನೆ ಬ್ಯಾಡ ಅಂತ. ನಿಜ ಏಳು ಅಂತೀಯಲ್ಲ, ಏಳ್ತೀನಿ. ಮಳೆ ಬಂದ್ರೆ ಆ ಸೀಟು ಸೋರ್ತದೆ. ಸೋರ್ದಾಗ ನಾನೇನ್ ತಪ್ ಮಾಡ್ದೆ ಅನ್ಸ್ತದೆ. ಮಳೆ ನಿಂತ್ರೆ ಮರ್ತೋಯ್ತದೆ. ಬೀಗ್ತಿ ಸಂಜೇಲಿ ನನ್ ತಲೆ ಬಾಚ್ತಾಳೆ. ಅದ್ನ ನೀ ಬರೀನಿಲ್ಲ, ನಿಂಗೊತ್ತಿಲ್ವಲ್ಲ.

ಅಲ್ಲಿ ಕುಂತ್ಕಂಡು ನ್ಯಾಯ ಏಳ್ಬ್ಯಾಡ. ಬಂದು ನೋಡಿ ಏಳು. ಬಾನ್ವಾರ ಮಟನ್ ತರಿಸ್ತೀನಿ.

ನಿನ್ ಅವ್ವ
ಪಾರ್ವತಮ್ಮ

(ಒಂದಕ್ಷರವನ್ನೂ ತಿದ್ದಿಲ್ಲ. ರಂಜನಿ)


ಚನ್ನರಾಯಪಟ್ಟಣ
೧೭ ಸೆಪ್ಟೆಂಬರ್ ೨೦೨೪

ಅತ್ತಿಗೆ,

ಒಲೆ ಇರುವ ತನಕ ಬರುವುದಿಲ್ಲ ಅಂದಿದ್ದೆ. ಒಲೆ ಇದೆ, ನಾನು ಬಂದೆ. ಮಾತು ಮುರಿದೆ. ಇನ್ನು ಮುಂದೆಯೂ ಬರುತ್ತೇನೆ. ಶೀಟು ಬದಲಾಯಿಸಲು ಅಣ್ಣನಿಗೆ ಹೇಳಿದ್ದೇನೆ. ಊರಿಗೆಲ್ಲ ಕರೆಂಟ್ ಕಂಬ ಹತ್ತಿ ಲೈನ್ ಸರಿಮಾಡುವವನಿಗೆ ನಮ್ಮ ಹಿತ್ತಲು ಕಾಣಲಿಲ್ಲವಾ ಅಂತ ಬೈದೆ.

ಭಾನುವಾರ ಊಟದ ಹೊತ್ತಿನಲ್ಲಿ ನೀವು ಒಳಗೆ ಪುಟ್ಟಿಗೆ ಹಾಲು ಕುಡಿಸುತ್ತಿದ್ದಿರಿ. ಆಮೇಲೆ ನಿದ್ದೆ ಹೋದಿರಿ. ಹಿತ್ತಲಲ್ಲಿ ನಡೆದದ್ದನ್ನು ನಿಮಗೆ ಯಾರೂ ಹೇಳಿರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಸಾರು ಕುದಿದ ಮೇಲೆ ಅವ್ವ ಒಳಗೆ ಬಾ ಅಂತ ಕರೆದಳು. ಅಣ್ಣ ಲೈನ್ ಕೆಲಸಕ್ಕೆ ಹೋಗಿದ್ದ, ಉಳಿದವರಿಗೆ ನಡುಮನೆಯಲ್ಲಿ ತಟ್ಟೆ ಹಾಕಿದ್ದರು. ಇದು ಇಲ್ಲಿ ಬೆಂದಿದ್ದರೆ ನಾನೂ ಇಲ್ಲೇ ಉಣ್ಣುತ್ತೇನೆ ಅಂದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಅವ್ವ ಬೈದಳು, ಬೈಯುತ್ತಲೇ ಬಡಿಸಿದಳು. ನಾನು ಏಳಲಿಲ್ಲ. ಅಪ್ಪ ಬಂದು ನೋಡಿ, ತೆಂಗಿನ ಬುಡದಲ್ಲಿ ಕೂತು ತಟ್ಟೆ ಒಡ್ಡಿದ. ಇನ್ನೇನು ಮಾಡುತ್ತಾಳೆ, ಅವ್ವನೂ ಕೂತಳು. ಒಳಗೆ ನಿಮ್ಮ ಅಮ್ಮ ಒಬ್ಬರೇ ಉಳಿದರು.

ಸ್ವಲ್ಪ ಹೊತ್ತಿಗೆ ಅವರು ತಮ್ಮ ತಟ್ಟೆ ಹಿಡಿದುಕೊಂಡು ಆಚೆ ಬಂದರು. ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು. ಕೂರಲು ಜಾಗ ಹುಡುಕಿದರು. ಒಂದು ಮಣೆ ತಂದು ನಮ್ಮಿಂದ ಸ್ವಲ್ಪ ದೂರ, ಗೋಡೆಯ ಕಡೆ ತಿರುಗಿಸಿ ಹಾಕಿಕೊಂಡು, ಸೆರಗನ್ನು ಮೂಗಿಗೆ ಒತ್ತಿಕೊಂಡು ಕೂತರು.

"ನಿಮ್ಗೆ ವಾಸ್ನೆ ಆಯ್ತದೆ ಬೀಗ್ತಿ, ಒಳೀಕ್ ಓಗಿ," ಅಂದಳು ಅವ್ವ.

"ಆಗ್ತದೆ," ಅಂದರು. "ಆದ್ರೆ ಒಬ್ಬಳೇ ಕೂತು ಉಣ್ಣೋದು ನಂಗೆ ಇನ್ನೂ ಕಷ್ಟ. ನೀವ್ ಉಣ್ಣಿ, ನನ್ನ ನೋಡ್ಬೇಡಿ."

ನೋಡಬೇಡಿ ಅಂದರೂ ನಾನು ನೋಡಿದೆ. ಎಡಗೈಯಲ್ಲಿ ಸೆರಗು, ಬಲಗೈಯಲ್ಲಿ ಮುದ್ದೆ. ಅರ್ಧವೂ ಇಳಿಯಲಿಲ್ಲ. ತಟ್ಟೆ ಕೆಳಗಿಟ್ಟರು. ಇನ್ನು ಎದ್ದು ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಅವ್ವನಿಗೆ ತಡೆಯಲಾಗಲಿಲ್ಲ. ನಿಮ್ಮದು ಆಯಿತಲ್ಲ, ಎದ್ದು ಕೈ ತೊಳೆಯಿರಿ ಅಂದಳು.

"ಪಂಕ್ತೀಲಿ ಮಧ್ಯ ಎದ್ದು ಹೋಗ್ಬಾರ್ದು ಪಾರ್ವತಮ್ಮ. ನಿಮ್ದೆಲ್ಲ ಆಗ್ಲಿ."

ಅವ್ವ ಬಾಯಿಗೆ ಇಟ್ಟದ್ದನ್ನು ಅಗಿಯದೆ ಹಾಗೇ ಕೂತಳು. ಅವಳ ತವರೂರಿನಲ್ಲಿ ನಿಮ್ಮಂಥವರ ಮನೆಯ ಮದುವೆಗೆ ನಮ್ಮವರನ್ನೂ ಕರೆಯುತ್ತಿದ್ದರಂತೆ. ಎಲ್ಲರ ಪಂಕ್ತಿ ಎದ್ದು ಎಲೆ ಎತ್ತಿದ ಮೇಲೆ ನಮ್ಮವರ ಊಟ. ಅದನ್ನು ಅವಳು ನನಗೆ ಎಷ್ಟೋ ಸಲ ಹೇಳಿದ್ದಾಳೆ.

ನಿಮ್ಮ ಅಮ್ಮ ಒಣಗುತ್ತಿರುವ ಎಂಜಲು ಕೈಯನ್ನು ಮಡಿಲ ಮೇಲೆ ಎತ್ತಿ ಹಿಡಿದುಕೊಂಡು, ಗೋಡೆ ನೋಡುತ್ತಾ, ನಮಗಾಗಿ ಕಾಯುತ್ತಾ ಕೂತಿದ್ದರು. ಅಪ್ಪ ಮೂಳೆ ಬಿಟ್ಟು ಗಬಗಬ ಉಂಡ. ಅವ್ವ ಅವಸರ ಅವಸರವಾಗಿ ಉಂಡಳು.

ನಾನು ಮಾತ್ರ ಬೇಕು ಅಂತಲೇ ನಿಧಾನವಾಗಿ ಉಂಡೆ.

ನಿಮ್ಮ
ಶಾಂತಿ